ಡೊಂಕು ಗುಂಡಿಗಳು

ಗುಂಡಿ ತೋಡಿ ಅಂದರು. ತೋಡಿದರು. ಈಗ ಬಂದು, ಇದ್ಯಾಕೆ ಹೀಗೆ ತೋಡಿದ್ದೀರಿ ಅನ್ನುತ್ತಿದ್ದರು.

ಅನ್ನುತ್ತಿದ್ದವನು ಗಜನ್, ನೆರವಿನ ಸಂಸ್ಥೆಯ ಅಧಿಕಾರಿ. ಇಸ್ತ್ರಿ ಮಾಡಿದ ಅಂಗಿ, ಕೊರಳಿಗೆ ಗುರುತಿನ ಚೀಟಿ, ಕರಿ ಬೂಟು. ಬೂಟಿಗೆ ಕೆಂಪು ಮಣ್ಣು ತಾಗಬಾರದೆಂದು ತುದಿಗಾಲಲ್ಲಿ ನಡೆಯುತ್ತಿದ್ದ. ತವಮಣಿಯ ಹಿತ್ತಲಿನ ಗುಂಡಿಯ ಅಂಚಿಗೆ ನಿಂತು ಒಳಗೆ ಇಣುಕಿದ. ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು ಮತ್ತೆ ಇಣುಕಿದ.

“ಅಕ್ಕಾ, ನಾನು ಹೇಳಿದ್ದು ನೇರ ಗುಂಡಿ. ಇದು ಡೊಂಕಾಗಿದೆಯಲ್ಲ.”

“ಡೊಂಕೇ ಇರಬೇಕು ತಂಬಿ.”

“ಯಾಕೆ?”

“ನೇರ ಇದ್ರೆ ಈ ತುದೀಲಿ ಬಿದ್ದಿದ್ದು ಆ ತುದಿ ತನಕ ಎಲ್ಲರನ್ನೂ ಸವರಿಕೊಂಡು ಹೋಗುತ್ತೆ. ಡೊಂಕಿದ್ರೆ ಮೂಲೆ ಆಚೆ ಕೂತವರು ಉಳ್ಕೋತಾರೆ.”

“ಏನು ಬೀಳೋದು?”

“ಬೀಳೋದು,” ಎಂದಳು ತವಮಣಿ, ಇದನ್ನೂ ಬಿಡಿಸಿ ಹೇಳಬೇಕೇ ಎನ್ನುವ ಹಾಗೆ.

ಗಜನ್ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. “ಮೆಟ್ಟಿಲು ಯಾಕೆ ಕಡ್ದಿದ್ದೀರಿ?”

“ನಮ್ಮೂರ ಮುದುಕ ಅಪ್ಪುಗೆ ಒಂದೇ ಕಾಲು. ಹಾರೋಕಾಗಲ್ಲ.”

“ಮೇಲೆ ತಾಳೆಮರದ ದಿಮ್ಮಿ? ಅದರ ಮೇಲೆ ಮಣ್ಣಿನ ಮೂಟೆ?”

“ದಿಮ್ಮಿ ಎರಡು ಸಾಲು ಹಾಕಿದ್ದೀನಿ. ಒಂದು ಸಾಲು ಸಾಕಾಗಲ್ಲ. ನೋಡಿದ್ದೀನಿ.”

“ನಾವು ಕೊಟ್ಟ ಕರಿ ಪ್ಲಾಸ್ಟಿಕ್ ಹಾಳೆ ಎಲ್ಲಿ? ಅದನ್ನ ತಳಕ್ಕೆ ಹಾಸಬೇಕಿತ್ತು.”

“ದಿಮ್ಮಿ ಮೇಲೆ ಹೊದಿಸಿದ್ದೀನಿ. ಒಳಗೆ ಕೂತ್ಕೊಂಡ್ರೆ ಒಂದು ಹನಿ ಮಳೆ ಬೀಳಲ್ಲ. ಬೇಕಾದ್ರೆ ಇಳಿದು ನೋಡು.”

ಮಳೆನೀರು ಹಿಡಿಯಲೆಂದೇ ತೋಡಿಸಿದ ಗುಂಡಿ ಅದು.

ಗಜನ್ ಪಕ್ಕದ ಮನೆಯ ಯೋಗಮಲರಳ ಹಿತ್ತಲಿಗೆ ಹೋದ. ಅಲ್ಲಿಯೂ ಡೊಂಕು, ಮೆಟ್ಟಿಲು, ದಿಮ್ಮಿ. ಅದರಾಚೆಯ ಮನೆಗೆ ಹೋದ. ಅಲ್ಲಿ ಗೋಡೆಯಲ್ಲಿ ದೀಪ ಇಡಲು ಒಂದು ಗೂಡನ್ನೂ ಕೊರೆದಿದ್ದರು. ಆಲಡಿಕುಳಂ ಊರಿನ ಹೆಂಗಸರೆಲ್ಲ ಸೇರಿ, ಒಂದು ವಾರದಲ್ಲಿ, ಯಾರೂ ಯಾರಿಗೂ ಹೇಳಿಕೊಡದೆ, ಊರು ತುಂಬ ಬಂಕರ್ ತೋಡಿ ಮುಗಿಸಿದ್ದರು.

ಅವರ ಕೈಗೆ ಬೇರೆ ಗುಂಡಿ ಗೊತ್ತಿರಲಿಲ್ಲ. ಯುದ್ಧದ ಕೊನೆಯ ವರ್ಷ ತವಮಣಿ ಎಷ್ಟು ಕಡೆ ಗಂಟುಮೂಟೆ ಇಳಿಸಿದ್ದಳೋ ಅಷ್ಟು ಕಡೆ ಒಲೆಗೆ ಮೊದಲು ಬಂಕರ್ ತೋಡಿದ್ದಳು. ಹಾರೆ ಸಿಕ್ಕರೆ ಹಾರೆಯಲ್ಲಿ, ಸಿಗದಿದ್ದರೆ ತಟ್ಟೆಯಲ್ಲಿ, ಅದೂ ಇಲ್ಲದಾಗ ಉಗುರಿನಲ್ಲಿ. ಮರಳಿಗೆ ಮೂಟೆಯಿಲ್ಲದೆ ಮದುವೆಯ ಸೀರೆ ಹರಿದು ಹೊಲಿದಿದ್ದಳು. ಗುದ್ದಲಿ ಕೈಗೆ ಕೊಟ್ಟು ಎದೆಮಟ್ಟ ತೋಡು ಅಂದರೆ ಅವಳ ಕೈ ತಾನಾಗಿ ಮೂಲೆ ತಿರುಗುತ್ತಿತ್ತು.

ಆದರೂ ತಪ್ಪು ಪೂರ್ತಿ ಹೆಂಗಸರದಲ್ಲ. ಸಂಸ್ಥೆಯವರು ಈ ಊರಿಗೆ ಮೂರು ವಿಷಯಗಳನ್ನು ಒಟ್ಟಿಗೆ ತಂದಿದ್ದರು: ಹವಾಮಾನ, ಹೆಣ್ಣು ಗಂಡಿನ ಸಮಾನತೆ, ಮಾನವ ಹಕ್ಕು. ಯುದ್ಧ ಮುಗಿದ ಊರಿಗೆ ಇನ್ನು ಮುಂದೆ ಸೂರು ಕೊಟ್ಟರೂ ಸೂಜಿ ಕೊಟ್ಟರೂ ಈ ಮೂರನ್ನೂ ಕಲಸಿಯೇ ಕೊಡಬೇಕೆಂದು ಮೇಲೆಲ್ಲೋ ತೀರ್ಮಾನವಾಗಿತ್ತಂತೆ. “ಪಿಟ್ಟಿನ ಹಿಟ್ಟಿಗೆ ತೆಂಗಿನ ತುರಿ ಸೇರಿಸಿ ಬೇಯಿಸಿದ ಹಾಗೆ ಅಕ್ಕಾ,” ಎಂದು ಗಜನ್ ತಿಳಿಸಿ ಹೇಳಿದ್ದ. “ಹಿಟ್ಟು ಯಾವಾಗ ಕೊಡ್ತೀರಿ?” ಎಂದು ಯೋಗಮಲರ್ ಕೇಳಿದ್ದಳು.

ತರಬೇತಿ ನಡೆದದ್ದು ಊರ ಹೊರಗೆ, ಟಾರ್ಪಾಲಿನ ಕೆಳಗೆ. ಮೊದಲ ದಿನ ಸಮಾನತೆ. ಗಂಡಸರೂ ಬರಬೇಕೆಂದು ನಿಯಮ. ಊರಲ್ಲಿ ಗಂಡಸರು ಎಲ್ಲಿದ್ದಾರೆ? ಹೋದವರು ಹೋದರು. ಉಳಿದವರಲ್ಲಿ ಕೆಲವರು ಪರದೇಶಕ್ಕೆ ದೋಣಿ ಹತ್ತಿದರು, ಕೆಲವರು ಕೊಲಂಬೊದಲ್ಲಿ ಇಟ್ಟಿಗೆ ಹೊರುತ್ತಿದ್ದರು. ಹಗಲು ಹೊತ್ತಿನಲ್ಲಿ ಆಲಡಿಕುಳಂನಲ್ಲಿ ಸಿಗುವ ಗಂಡಸೆಂದರೆ ಚಿನ್ನರಾಸ ಅಪ್ಪು ಒಬ್ಬನೇ. ವಯಸ್ಸು ಎಪ್ಪತ್ತರ ಮೇಲೆ, ಒಂದು ಕಾಲನ್ನು ನೆಲಬಾಂಬು ತಿಂದಿತ್ತು. ಅಪ್ಪು ಬಂದರೆ ಸಂಸ್ಥೆಗೆ ಮೂವರು ಬಂದ ಹಾಗೆ: ಒಬ್ಬ ಗಂಡಸು, ಒಬ್ಬ ವೃದ್ಧ, ಒಬ್ಬ ಅಂಗವಿಕಲ. ಹಾಗಾಗಿ ಊರಿನ ಎಲ್ಲ ಸಮಿತಿಗಳಲ್ಲೂ ಅಪ್ಪು ಇದ್ದ. ತಾಯಂದಿರ ಸಮಿತಿಯಲ್ಲೂ ಇದ್ದ.

“ಗಂಡಸರು ಹೆಂಗಸರ ಮಾತಿಗೆ ಬೆಲೆ ಕೊಡಲ್ಲ,” ಎಂದ ಗಜನ್.

ಎಲ್ಲರೂ ಅಪ್ಪುವಿನ ಕಡೆ ನೋಡಿದರು.

“ಮನೆಗೆಲಸದಲ್ಲಿ ಅರ್ಧ ಹೊರೆ ಗಂಡಸರು ಹೊರಬೇಕು.”

ಎಲ್ಲರೂ ಮತ್ತೆ ಅಪ್ಪುವನ್ನು ನೋಡಿದರು. ಊರಿನ ಅಷ್ಟೂ ಮನೆಗಳ ಅರ್ಧ ಹೊರೆ ಒಬ್ಬನ ತಲೆಗೆ ಬಂತು. ಅಪ್ಪು ಊರುಗೋಲನ್ನು ಹತ್ತಿರ ಎಳೆದುಕೊಂಡ.

“ಮನೆಯ ತೀರ್ಮಾನಗಳನ್ನೆಲ್ಲ ಗಂಡಸರೇ ಮಾಡ್ತಾರೆ.”

“ತಂಬಿ, ನಮ್ಮನೇಲಿ ಕೋಳಿ ಕೂಡ ನನ್ನ ಮಾತು ಕೇಳಲ್ಲ,” ಎಂದ ಅಪ್ಪು. “ಏನೇ ಆಗ್ಲಿ, ಎಲ್ಲರ ಪರವಾಗಿ ತಪ್ಪಾಯ್ತು ಅಂತ ಬರ್ಕೋ. ಟೀ ಯಾವಾಗ?”

ಮರುದಿನ ಮಾನವ ಹಕ್ಕು. “ನೀರು ಪ್ರತಿಯೊಬ್ಬರ ಹಕ್ಕು,” ಎಂದ ಗಜನ್. ತವಮಣಿ ಕೈ ಎತ್ತಿದಳು.

“ಆ ಹಕ್ಕು ಬೇಲಿ ಈಚೆಗೆ ಮಾತ್ರನಾ, ಆಚೆಗೂ ಇದೆಯಾ?”

ಟಾರ್ಪಾಲಿನ ಕೆಳಗೆ ಕೂತವರಿಗೆಲ್ಲ ಆ ಬೇಲಿ ಕಾಣುತ್ತಿತ್ತು. ಸೈನ್ಯದ ಕ್ಯಾಂಪಿನ ಬೇಲಿ. ಅದರೊಳಗೆ ತವಮಣಿಯ ಹೊಲ, ಹೊಲದ ನಡುವೆ ತವಮಣಿಯ ಬಾವಿ. ಈ ಕಡೆಯ ನೆಲದಲ್ಲಿ ಎಲ್ಲಿ ತೋಡಿದರೂ ಉಪ್ಪು. ಸಿಹಿನೀರು ಕೊಟ್ಟದ್ದು ಅದೊಂದೇ. ಅವಳ ಗಂಡ, ಮೈದುನ ಸೇರಿ ಬಂಡೆ ಒಡೆದು ತೆಗೆದ ಬಾವಿ. ಊರಿಗೆಲ್ಲ ಕುಡಿಯುವ ನೀರು ಅದೇ ಆಗಿತ್ತು. ಯುದ್ಧದ ಕೊನೆಗೆ ಗಂಡನನ್ನು ವಿಚಾರಣೆಗೆಂದು ಬಸ್ಸಿಗೆ ಹತ್ತಿಸಿದರು. ಅವನು ಬರಲಿಲ್ಲ. ನಿರಾಶ್ರಿತರ ಶಿಬಿರದಿಂದ ಅವಳು ವಾಪಸು ಬರುವಾಗ ಹೊಲಕ್ಕೆ ಬೇಲಿ ಬಿದ್ದಿತ್ತು.

ಈಗ ಅವಳು ಕುಡಿಯುವ ನೀರಿಗೆ ಶಾಲೆಯ ನಲ್ಲಿಯ ತನಕ ನಡೆಯುತ್ತಿದ್ದಳು. ಹೋಗುವಾಗ ಬಿಸಿಲು ಬೆನ್ನಿಗೆ, ಬರುವಾಗ ಮುಖಕ್ಕೆ. ಕೊಡ ಕೂರುವ ಸೊಂಟದ ಜಾಗ ಎಮ್ಮೆಯ ಹೆಗಲಿನ ಹಾಗೆ ಗಟ್ಟಿಯಾಗಿತ್ತು. ಆ ದಾರಿ ಬೇಲಿಯ ಪಕ್ಕದಲ್ಲೇ. ತಂತಿಯ ಆಚೆ ಸಿಪಾಯಿ ಹುಡುಗರು ಅವಳ ಬಾವಿಯ ಕಟ್ಟೆಯ ಮೇಲೆ ನಿಂತು ಸೋಪು ಬಳಿದುಕೊಂಡು, ಬಕೆಟ್ಟು ಬಕೆಟ್ಟು ತಲೆಗೆ ಸುರಿದುಕೊಳ್ಳುತ್ತಿದ್ದರು. ನೊರೆ ಹರಿದು ಬದನೆ ಪಾತಿಗೆ ಹೋಗುತ್ತಿತ್ತು. ಆ ಬದನೆಯನ್ನು ಅವರೇ ರಸ್ತೆಬದಿಯ ಅಂಗಡಿಯಲ್ಲಿಟ್ಟು ಮಾರುತ್ತಿದ್ದರು. ತವಮಣಿ ಕೊಳ್ಳುತ್ತಿದ್ದಳು. ತನ್ನ ಹೊಲದ ಬದನೆಯನ್ನು ತಾನೇ ಚೌಕಾಸಿ ಮಾಡುತ್ತಿದ್ದಳು. ಕೊಟ್ಟ ಬೆಲೆಗೆ ಒಂದು ಕಾಯಿ ಹೆಚ್ಚು ಹಾಕಿಸಿಕೊಳ್ಳದೆ ಬಂದ ದಿನವಿಲ್ಲ. “ನೆಲದ ಬಾಡಿಗೆ,” ಎಂದು ಅದನ್ನು ಬೇರೆಯಾಗಿ ಸೆರಗಿಗೆ ಕಟ್ಟುತ್ತಿದ್ದಳು.

“ಬೇಲಿ ವಿಷಯ ನಮ್ಮ ಯೋಜನೆಯ ವ್ಯಾಪ್ತಿಗೆ ಬರಲ್ಲ ಅಕ್ಕಾ,” ಎಂದು ಗಜನ್ ಅಂದು ಮುಂದಿನ ಚಿತ್ರಪಟ ಎತ್ತಿದ್ದ.

ಕೊನೆಯ ದಿನ ಹವಾಮಾನ. “ದೊಡ್ಡ ವಿಪತ್ತು ಬರ್ತಾ ಇದೆ,” ಎಂದ ಗಜನ್. “ಇವತ್ತಲ್ಲ ನಾಳೆ ಬಂದೇ ಬರುತ್ತೆ. ನಾವು ತಯಾರಿರಬೇಕು.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

“ಯಾವ ಕಡೆಯಿಂದ ಬರುತ್ತೆ ಸರ್?” ಯೋಗಮಲರ್ ಮೆಲ್ಲಗೆ ಕೇಳಿದಳು.

“ಎಲ್ಲ ಕಡೆಯಿಂದ. ಆಕಾಶದಿಂದ, ಸಮುದ್ರದಿಂದ. ಅದಕ್ಕೇ ಪ್ರತಿ ಮನೆಗೂ ಒಂದು ಗುಂಡಿ ಬೇಕು. ಗುದ್ದಲಿ, ಹಾಳೆ ನಾವು ಕೊಡ್ತೀವಿ.”

ಅವನು ಹೇಳುತ್ತಿದ್ದದ್ದು ಬರಗಾಲ, ಚಂಡಮಾರುತದ ವಿಷಯ. ಆದರೆ ಆಕಾಶದಿಂದ, ಸಮುದ್ರದಿಂದ ಬರುವುದು ಏನೆಂದು ಆ ಊರಿಗೆ ಬೇರೆ ನೆನಪಿತ್ತು. ಯಾರೂ ಪ್ರಶ್ನೆ ಕೇಳಲಿಲ್ಲ. ಎದ್ದು ಮನೆಗೆ ಹೋದರು. ಯೋಗಮಲರ್ ದಾರಿಯಲ್ಲಿ ಸೀಮೆಎಣ್ಣೆ, ಬೆಂಕಿಪೊಟ್ಟಣ, ಒಣಮೀನು ಕೊಂಡಳು. ಆಮೇಲೆ ಎಲ್ಲರೂ ಗುದ್ದಲಿ ಹಿಡಿದರು.

ಮೊದಲು ಗಾಬರಿ ಬಿದ್ದದ್ದು ಕ್ಯಾಂಪಿನವರು. ಕಾವಲು ಗೋಪುರದ ಮೇಲಿನ ಸಿಪಾಯಿ ದುರ್ಬೀನಿನಲ್ಲಿ ನೋಡುತ್ತಾನೆ, ದಿನಕ್ಕೊಂದಷ್ಟು ಬಂಕರ್ ಏಳುತ್ತಿವೆ. ಕ್ಯಾಪ್ಟನ್ ಜೀಪಿನಲ್ಲಿ ಬಂದ. ಎಳೆಯ ವಯಸ್ಸು, ಮುರುಕು ತಮಿಳು, ಸೊಂಟದಲ್ಲಿ ಪಿಸ್ತೂಲು.

“ಯಾರು ಹೇಳಿತು ಬಂಕರ್?” ಎಂದ.

ಹೆಂಗಸರು ಒಟ್ಟಿಗೆ ಗಜನ್ ಕಡೆ ಬೆರಳು ತೋರಿಸಿದರು.

ಗಜನ್ ಬೆವರುತ್ತ, ಭೂಮಿ ಬಿಸಿಯಾಗುತ್ತಿರುವುದನ್ನು ಕ್ಯಾಪ್ಟನ್ನನಿಗೆ ವಿವರಿಸಿದ. ಮಳೆ ಕಡಿಮೆಯಾಗುವುದನ್ನು ವಿವರಿಸಿದ. ಕ್ಯಾಪ್ಟನ್ ತಾಳ್ಮೆಯಿಂದ ಕೇಳಿದ. ಆಮೇಲೆ, “ಹವಾಮಾನಕ್ಕೆ ಮಣ್ಣಿನ ಮೂಟೆ ಯಾಕೆ?” ಎಂದ.

ಈಗ ಗಜನ್ ತವಮಣಿಯ ಹಿತ್ತಲಿಗೆ ಬಂದು ನಿಂತದ್ದು ಆ ಕಾರಣಕ್ಕೆ. ನೆರವು ಕೊಡುವ ದೇಶದಿಂದ ಹೆಲ್ಗಾ ಮೇಡಂ ಬರುವವರಿದ್ದರು. ಅಷ್ಟರೊಳಗೆ ಗುಂಡಿಗಳು ನೇರವಾಗಬೇಕಿತ್ತು.

“ದಿಮ್ಮಿ ತೆಗೀರಿ, ಮೂಟೆ ತೆಗೀರಿ, ಹಾಳೆ ಕೆಳಗೆ ಹಾಸಿ. ಮೂಲೆ ಮುಚ್ಚಿಬಿಡಿ,” ಎಂದ. “ನಿಮ್ಮ ಒಳ್ಳೇದಕ್ಕೇ ಅಕ್ಕಾ. ಪರ್ಯಾಯ ನೀರಿನ ವ್ಯವಸ್ಥೆ ಆಯ್ತು ಅಂತ ಮೇಡಂ ಕಣ್ಣಾರೆ ನೋಡಿ ಹೋದ್ರೆ ಬಾವಿ ತಕರಾರೂ ಮುಗಿದುಹೋಗುತ್ತೆ.”

ತವಮಣಿ ಗುದ್ದಲಿ ಒರೆಸುತ್ತಿದ್ದವಳು ನಿಲ್ಲಿಸಿದಳು.

“ಹೇಗೆ ಮುಗಿಯುತ್ತೆ?”

ಗಜನ್‌ಗೆ ಮಾತು ಜಾರಿದ್ದು ತಿಳಿಯಿತು. “ಅಂದ್ರೆ... ಕ್ಯಾಂಪಿನವರಿಗೆ ಬಾವಿ, ನಿಮಗೆ ಗುಂಡಿ. ಇಬ್ಬರಿಗೂ ನೀರು. ಮಾತಾಗಿದೆ.”

“ಯಾರ ಹತ್ರ ಮಾತಾಗಿದೆ?”

“ಮೇಲೆ.”

“ನನ್ನ ಗಂಡ ತೋಡಿದ್ದು ಕೆಳಗೆ,” ಎಂದಳು ತವಮಣಿ. “ಮೇಲಿನವರು ಹೇಗೆ ಮಾತಾಡಿದ್ರು?”

“ಅಕ್ಕಾ, ಕೋಪ ಮಾಡ್ಕೋಬೇಡಿ.”

“ಕೋಪ ಅಲ್ಲ ತಂಬಿ. ಕೇಳ್ತಿದ್ದೀನಿ. ಈ ಗುಂಡಿ ನೇರ ಆದ್ರೆ ಬಾವಿ ಹೋಯ್ತು. ಅಷ್ಟೇ ತಾನೆ?”

ಗಜನ್ ಬೂಟು ನೋಡಿಕೊಂಡ.

“ಹಾಗಾದ್ರೆ ನೇರ ಮಾಡಲ್ಲ,” ಎಂದು ತವಮಣಿ ಗುದ್ದಲಿಯನ್ನು ಮಾಡಿಗೆ ಸಿಕ್ಕಿಸಿ ಒಳಗೆ ಹೋದಳು. ಸಂಜೆಯ ಹೊತ್ತಿಗೆ ಆ ಮಾತು ಎಲ್ಲ ಹಿತ್ತಲುಗಳನ್ನೂ ದಾಟಿತ್ತು. ಮರುದಿನ ಗಜನ್ ಯಾವ ಮನೆಗೆ ಹೋದರೂ ಗುದ್ದಲಿ ಕಳೆದುಹೋಗಿತ್ತು. ಅಪ್ಪುವಿನ ಮನೆಯಲ್ಲಿ ಮಾತ್ರ ಇತ್ತು. “ನೇರ ಮಾಡ್ತೀನಿ ತಂಬಿ, ಆ ಕಾಲು ವಾಪಸ್ ಬಂದ ಮೇಲೆ,” ಎಂದ ಅಪ್ಪು.

ಹೆಲ್ಗಾ ಮೇಡಂ ಎರಡು ಬಿಳಿ ಗಾಡಿಗಳಲ್ಲಿ ಬಂದರು. ಎತ್ತರದ ಹೆಂಗಸು, ಹುಲ್ಲಿನ ಟೋಪಿ, ಕೆಂಪಗೆ ಸುಟ್ಟ ಮೂಗು. ಇಳಿದವರೇ ಎಲ್ಲರ ಕೈ ಕುಲುಕಿದರು. ಅಪ್ಪುವಿನ ಕೈಯನ್ನು ಹೆಚ್ಚು ಹೊತ್ತು ಕುಲುಕಿದರು. ಕ್ಯಾಪ್ಟನ್ನನೂ ಬಂದಿದ್ದ, ಮದುಮಗನ ಹಾಗೆ ಮುಖ ಕ್ಷೌರ ಮಾಡಿಕೊಂಡು. ಹೆಂಗಸರು ತೊಳೆದ ಸೀರೆಯುಟ್ಟು ಸಾಲಾಗಿ ನಿಂತಿದ್ದರು. ಗಜನ್ ಗುಂಡಿಗಳ ಹತ್ತಿರ ಮೇಡಂ ಹೋಗದ ಹಾಗೆ, ಮೊದಲು ಸಸಿ ನೋಡೋಣ, ಮೊದಲು ಸೂರ್ಯನ ಒಲೆ ನೋಡೋಣ ಎಂದು ಅತ್ತಿತ್ತ ಓಡಾಡಿಸುತ್ತಿದ್ದ. ಸೂರ್ಯನ ಒಲೆಯಲ್ಲಿ ಯೋಗಮಲರ್ ಬೆಳಿಗ್ಗೆ ಇಟ್ಟ ಅನ್ನ ಇನ್ನೂ ಅಕ್ಕಿಯಾಗಿಯೇ ಇತ್ತು.

ಮೇಡಂ ಜೊತೆ ಕೊಲಂಬೊದಿಂದ ಒಬ್ಬ ಚಿತ್ರ ತೆಗೆಯುವವನು ಬಂದಿದ್ದ. ಊರು ಮೇಲಿಂದ ಚೆಂದ ಕಾಣುತ್ತದೆ ಎಂದು ಪೆಟ್ಟಿಗೆ ಬಿಚ್ಚಿ, ನಾಲ್ಕು ರೆಕ್ಕೆಯ ಒಂದು ಯಂತ್ರ ತೆಗೆದು ನೆಲದ ಮೇಲಿಟ್ಟ. ಕೈಯಲ್ಲಿದ್ದ ಬಟನ್ ಒತ್ತಿದ.

ಯಂತ್ರ ಎದ್ದಿತು. ಗುಂಯ್ ಎಂದಿತು.

ದುಂಬಿಯ ಸದ್ದು. ಸೈನ್ಯದ ಪೈಲಟ್ ಇಲ್ಲದ ಬೇಹುವಿಮಾನಕ್ಕೆ ಊರವರು ಇಟ್ಟ ಹೆಸರು ದುಂಬಿ. ಯುದ್ಧದ ದಿನಗಳಲ್ಲಿ ಆ ಸದ್ದು ತಲೆಯ ಮೇಲೆ ಸುತ್ತು ಹಾಕಿ ಹೋದರೆ, ಅದರ ಬೆನ್ನಿಗೇ ಶೆಲ್ ಬರುತ್ತಿತ್ತು. ತವಮಣಿಗೆ ಯೋಚಿಸಲು ಪುರುಸೊತ್ತಾಗಲಿಲ್ಲ. ಕಾಲು ಓಡಿತು. ಕೈ ಪಕ್ಕದಲ್ಲಿದ್ದವರ ರಟ್ಟೆ ಹಿಡಿದು ಎಳೆಯಿತು. ಮೆಟ್ಟಿಲು, ಮೂಲೆ, ಕತ್ತಲು. ಬೆನ್ನು ಮಣ್ಣಿಗೆ, ಮೊಣಕಾಲು ಎದೆಗೆ. ಅವಳ ಮೇಲೆ ಯೋಗಮಲರ್ ಬಿದ್ದಳು. ಯೋಗಮಲರಳ ಮೇಲೆ ಅಪ್ಪು ಬಿದ್ದ. ಒಂದೇ ಕಾಲಿನಲ್ಲಿ ಅವನು ಅವಳ ಬೆನ್ನಿಗೇ ಹೇಗೆ ಓಡಿ ಬಂದನೆಂಬುದು ಇವತ್ತಿಗೂ ಊರಿಗೆ ಸೋಜಿಗ.

ಮೇಲೆ ಬಯಲು ಖಾಲಿಯಾಗಿತ್ತು. ಒಂದು ಕ್ಷಣದ ಹಿಂದೆ ಊರು ತುಂಬ ಜನರಿದ್ದರು. ಈಗ ಹೆಲ್ಗಾ ಮೇಡಂ, ಕ್ಯಾಪ್ಟನ್, ಚಿತ್ರದವನು, ಒಂದು ಆಡು. ಮೇಡಂ ಸುತ್ತ ನೋಡಿದರು. ಆಮೇಲೆ ಮುಖ ಅರಳಿಸಿ ಚಪ್ಪಾಳೆ ತಟ್ಟಿದರು. ವಿಪತ್ತು ಬಂದಾಗ ಏನು ಮಾಡಬೇಕೆಂಬುದನ್ನು ಊರವರು ಅಭಿನಯಿಸಿ ತೋರಿಸಿದರೆಂದು ಅವರು ತಿಳಿದಿದ್ದರು.

ಬಂಕರಿನೊಳಗೆ ತವಮಣಿಯ ಎದುರಿಗೆ ಇನ್ನೊಬ್ಬರು ಕೂತಿದ್ದರು. ಕರಿ ಬೂಟು ಕಾಣಿಸಿತು. ಗಜನ್. ಎರಡೂ ಕಿವಿಗೆ ಬೆರಳು ತುರುಕಿ, ಬಾಯಿ ಅಗಲವಾಗಿ ತೆರೆದು, ತಲೆಯನ್ನು ಮೊಣಕಾಲ ನಡುವೆ ಹುದುಗಿಸಿ ಮೂಲೆಯ ಆಚೆ ಕೂತಿದ್ದ. ಬಾಯಿ ಮುಚ್ಚಿಕೊಂಡರೆ ಶೆಲ್ ಸಿಡಿದಾಗ ಕಿವಿ ಒಡೆಯುತ್ತದೆ. ಅದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

“ನೀನು ಯಾಳ್ಪಾಣ ಪಟ್ಟಣದವನು ಅಂದಿದ್ದೆ,” ಎಂದಳು ತವಮಣಿ.

ಗಜನ್ ಬಾಯಿ ಮುಚ್ಚಿದ. “ವಿಸುವಮಡು,” ಎಂದ, ಯುದ್ಧದ ಕೊನೆಯ ಶೆಲ್‌ಗಳು ಬಿದ್ದ ಊರುಗಳಲ್ಲಿ ಒಂದನ್ನು ಹೆಸರಿಸಿ. “ಆಗ ಚಿಕ್ಕವನು.”

“ಯಾರು ತೋಡ್ತಿದ್ದರು?”

“ಅಮ್ಮ.”

ತವಮಣಿ ಸೆರಗಿನಿಂದ ಅವನ ಕಾಲರಿನ ಮಣ್ಣು ಕೊಡವಿದಳು. ಯೋಗಮಲರ್ ಒಳಗೊಳಗೇ ಅಲುಗಾಡುತ್ತಿದ್ದಳು. ಅಳುತ್ತಿದ್ದಾಳೆಂದು ತವಮಣಿ ತಿಳಿದಳು. ನಗುತ್ತಿದ್ದಳು.

“ಅಕ್ಕಾ, ಇದು ಚಿತ್ರ ತೆಗೆಯೋ ದುಂಬಿ,” ಎಂದಳು. “ನಾವು ಮಂಗಗಳಾದ್ವಿ.”

ನಗು ಒಬ್ಬರಿಂದ ಒಬ್ಬರಿಗೆ ಅಂಟಿತು. ಪಕ್ಕದ ಹಿತ್ತಲ ಬಂಕರುಗಳಿಂದಲೂ ಕೇಳಿಸಿತು. ನೆಲದ ಕೆಳಗಿಂದ ಊರು ನಗುತ್ತಿತ್ತು. ಮೇಲೆ ಆಡು ಬೆದರಿ ಕೂಗಿತು.

“ಸರಿ, ಏಳಿ,” ಎಂದ ಅಪ್ಪು. “ನನ್ನ ಕೆಳಗೆ ಯಾರಿದ್ದೀರೋ ಅವರು ಮೊದಲು ಏಳಿ.”

ತವಮಣಿ ಏಳಲು ಹೋದಳು. ಮೂಲೆಯ ಸಂದಿನಿಂದ ಬೇಲಿ ಕಾಣಿಸಿತು, ಬೇಲಿಯಾಚೆ ಬಾವಿಯ ಕಟ್ಟೆ. ಒಬ್ಬ ಸಿಪಾಯಿ ಬಕೆಟ್ಟು ಎತ್ತಿ ತಲೆಗೆ ಸುರಿದುಕೊಂಡ. ಅವಳು ಮತ್ತೆ ಕೂತಳು.

“ನಾನು ಏಳಲ್ಲ,” ಎಂದಳು.

“ಕಾಲು ಉಳುಕಿತಾ?” ಎಂದ ಅಪ್ಪು.

“ಇಲ್ಲ. ಅವರು ಓಡಿಸಿದಾಗೆಲ್ಲ ಇಳಿದ್ವಿ. ಸಾಕು ಅಂದಾಗ ಹತ್ತಿದ್ವಿ. ಈ ಸಲ ಹತ್ತಲ್ಲ. ಬಾವಿ ಬಿಟ್ರೆ ಹತ್ತುತ್ತೀನಿ.”

ಯೋಗಮಲರ್ ಕಣ್ಣೀರು ಒರೆಸಿಕೊಂಡು ಬಂಕರಿನ ಬಾಯಿಗೆ ತಲೆಯಿಟ್ಟು ಪಕ್ಕದ ಹಿತ್ತಲಿಗೆ ಕೂಗಿದಳು: “ತವಮಣಿ ಅಕ್ಕ ಏಳಲ್ವಂತೆ. ಬಾವಿ ಬಿಡೋ ತನಕ.”

“ಹಾಗಾದ್ರೆ ನಾವೂ ಇಲ್ಲ,” ಎಂದು ಅಲ್ಲಿಂದ ಬಂತು. ಅದರಾಚೆಯಿಂದ, “ಇಲ್ಲೊಂದು ಕೋಳಿಯೂ ಸೇರ್ಕೊಂಡಿದೆ, ಅದೂ ಇಲ್ವಂತೆ,” ಎಂದು ಬಂತು.

ಹೆಲ್ಗಾ ಮೇಡಂ ಬಂಕರಿನ ಬಾಯಿಗೆ ಬಂದು ಬಗ್ಗಿ ಏನೋ ಕೇಳಿದರು.

“ಏನಂತೆ?” ಎಂದಳು ತವಮಣಿ.

“ಕಾರ್ಯಕ್ರಮ ಮುಗಿಯಿತಾ ಅಂತ ಕೇಳ್ತಿದ್ದಾರೆ,” ಎಂದ ಗಜನ್.

“ಹೇಳು ತಂಬಿ. ನಿಂಗೆ ಎಲ್ಲ ಗೊತ್ತಲ್ಲ. ಇದ್ದದ್ದು ಇದ್ದ ಹಾಗೆ ಹೇಳು.”

ಗಜನ್ ಕೊರಳಿನ ಗುರುತಿನ ಚೀಟಿಯನ್ನು ಮುಟ್ಟಿಕೊಂಡ. ಆಮೇಲೆ ಹೇಳತೊಡಗಿದ. ಇಂಗ್ಲಿಷಿನಲ್ಲಿ ಹೇಳಿದ. ತವಮಣಿಗೆ ಮಾತು ತಿಳಿಯಲಿಲ್ಲ, ಆದರೆ ಅವನ ದನಿ ಬೇರೆಯಾಗಿತ್ತು. ಸಭೆಗಳಲ್ಲಿ ಅವನು ಒಂದು ವಾಕ್ಯಕ್ಕೆ ಹತ್ತು ಸಲ ಮೇಡಂ ಅನ್ನುತ್ತಿದ್ದ. ಈಗ ಒಂದು ಸಲವೂ ಅನ್ನಲಿಲ್ಲ. ಕತ್ತಲಲ್ಲಿ ಕೂತು ಮಾತಾಡುವವನಿಗೆ ಮೇಲಿನವರ ಮುಖ ಕಾಣುವುದಿಲ್ಲ. ಅದಕ್ಕೇ ಇರಬೇಕು. ಅವನು ದುಂಬಿಯ ಕಥೆ ಹೇಳಿದ, ಗುಂಡಿ ಯಾಕೆ ಡೊಂಕೆಂದು ಹೇಳಿದ, ಬಾವಿಯ ಕಥೆ ಹೇಳಿದ, ಮೇಲೆ ಆದ ಮಾತುಕತೆಯನ್ನೂ ಹೇಳಿದ. ಕೇಳುತ್ತ ಕೇಳುತ್ತ ಮೇಡಂ ಟೋಪಿ ತೆಗೆದರು. ಚಪ್ಪಾಳೆ ತಟ್ಟಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಬೆನ್ನ ಹಿಂದೆ ಇಟ್ಟುಕೊಂಡರು.

ಆಮೇಲೆ ಅವರೂ ಇಳಿದರು. ಬೇಡ ಎಂದು ಗಜನ್ ಹೇಳುವುದರೊಳಗೆ ಎತ್ತರದ ಮೈ ಮೂಲೆಯಲ್ಲಿ ಸಿಕ್ಕಿಕೊಂಡಿತು. ಮುಂದೆ ಬರುವುದಕ್ಕೂ ಇಲ್ಲ, ಹಿಂದೆ ಹೋಗುವುದಕ್ಕೂ ಇಲ್ಲ. ಯೋಗಮಲರ್ ಈ ಕಡೆಯಿಂದ ಎಳೆದಳು. ಆ ಕಡೆಯಿಂದ ತಳ್ಳಲು ಯಾರೂ ಇರಲಿಲ್ಲ. ಕ್ಯಾಪ್ಟನ್ ತಳ್ಳಬಹುದಿತ್ತು, ಆದರೆ ವಿದೇಶಿ ಅತಿಥಿಯನ್ನು ಎಲ್ಲಿ ಹಿಡಿದು ತಳ್ಳಬೇಕೆಂದು ಅವನಿಗೆ ಯಾರೂ ಆದೇಶ ಕೊಟ್ಟಿರಲಿಲ್ಲ.

“ಇಲ್ಲಿ ದೊಡ್ಡವರು ಯಾರು?” ಎಂದು ಅವನು ಬಂಕರಿನೊಳಗೆ ಕೂಗಿದ. “ಗಂಡಸು ಯಾರಾದರೂ ಇದ್ದರೆ ಮಾತಾಡಲಿ.”

ಎಲ್ಲರೂ ಅಪ್ಪುವನ್ನು ನೋಡಿದರು.

“ನಾನು ಲೆಕ್ಕಕ್ಕೆ ಇರೋದು ಸರ್,” ಎಂದ ಅಪ್ಪು. “ಮಾತಿಗೆ ಅವರನ್ನೇ ಕೇಳಿ. ಸಮಾನತೆ ಅಂತ ತರಬೇತಿ ಆಗಿದೆ.”

“ಬಾವಿ ಬಿಡಿ ಸರ್,” ಎಂದಳು ತವಮಣಿ ಕತ್ತಲೊಳಗಿಂದ. “ನನ್ನದು ಅದು.”

“ಅದಕ್ಕೆ ಮೇಲಿನ ಆದೇಶ ಬೇಕು.”

“ತರಿಸಿ. ನಾವು ಕೆಳಗೇ ಇರ್ತೀವಿ.”

ಬಿಸಿಲು ಏರಿತು. ಮೂಲೆಯಲ್ಲಿ ಸಿಕ್ಕಿಕೊಂಡ ಮೇಡಂ ಮುಖ ಟೊಮೆಟೊದಂತೆ ಕೆಂಪಾಗಿ ಬೆವರಿತು. ನೀರು ಬೇಕೆಂದರು. ಯೋಗಮಲರ್ ಬಂಕರಿನಲ್ಲಿಟ್ಟಿದ್ದ ಊರ ಉಪ್ಪುನೀರು ಕೊಟ್ಟಳು. ಮೇಡಂ ಒಂದು ಗುಟುಕು ಕುಡಿದು ಯೋಗಮಲರಳ ಮುಖ ನೋಡಿದರು, ದಿನವೂ ಇದನ್ನೇ ಕುಡಿಯುತ್ತೀರಾ ಎನ್ನುವ ಹಾಗೆ. ಅತಿಥಿ ಮೂರ್ಛೆ ಹೋದರೆ ತನ್ನ ಗತಿ ಏನೆಂದು ಹೆದರಿದ ಕ್ಯಾಪ್ಟನ್ ಸಿಪಾಯಿಯನ್ನು ಓಡಿಸಿದ. ಸಿಪಾಯಿ ಬಾವಿಯಿಂದ ಒಂದು ಬಕೆಟ್ಟು ಸೇದಿಕೊಂಡು, ಅಲುಗಿಸುತ್ತ, ಅರ್ಧ ಚೆಲ್ಲುತ್ತ ಬಂದ. ಲೋಟದಲ್ಲಿ ಅದ್ದಿ ಮೇಡಂ ಕಡೆ ಚಾಚಿದ.

ತವಮಣಿ ಮೇಡಂ ಕಾಲ ಸಂದಿನಿಂದ ನುಸುಳಿ ಹೊರಗೆ ಬಂದಳು. ತಲೆ ತುಂಬ ಮಣ್ಣು. ನೇರವಾಗಿ ಹೋಗಿ ಸಿಪಾಯಿಯ ಕೈಯಿಂದ ಲೋಟ ಕಿತ್ತುಕೊಂಡಳು.

“ನೀನ್ಯಾರು ಕೊಡೋಕೆ?” ಎಂದಳು. “ನನ್ನ ಮನೆಗೆ ಬಂದವರಿಗೆ ನನ್ನ ಬಾವಿ ನೀರು ನೀನು ಕೊಡ್ತೀಯಾ? ನಾನು ಸತ್ತಿದ್ದೀನಾ?”

ಸಿಪಾಯಿಗೆ ಇಪ್ಪತ್ತು ತುಂಬಿರಲಿಲ್ಲ. ಅವನು ಹಿಂದೆ ಸರಿದ. ತವಮಣಿ ಮೊದಲು ತಾನು ಕುಡಿದಳು. ಬಾಯಲ್ಲಿ ಹಾಗೇ ಇಟ್ಟುಕೊಂಡು ನಿಂತಳು. ಇಷ್ಟು ವರ್ಷ ತಂತಿಯಾಚೆ ಕಂಡ ನೀರು. ಸೋಪಿನ ವಾಸನೆ ಇರಬಹುದೆಂದು ಹೆದರಿದ್ದಳು. ಇರಲಿಲ್ಲ. ನುಂಗಿದಳು. ಇನ್ನೊಂದು ಲೋಟ ಅದ್ದಿ ಮೇಡಂ ಬಾಯಿಗೆ ತಾನೇ ಹಿಡಿದಳು. ಉಳಿದದ್ದನ್ನು ಬಂಕರಿನೊಳಗೆ ಕೊಟ್ಟಳು. ಅಪ್ಪುವಿನ ತನಕ ಹೋಗುವಷ್ಟರಲ್ಲಿ ಬಕೆಟ್ಟು ಖಾಲಿ.

“ನನಗೆ?” ಎಂದ ಅಪ್ಪು ಒಳಗಿಂದ.

“ತರ್ತೀನಿ,” ಎಂದಳು ತವಮಣಿ.

ಖಾಲಿ ಬಕೆಟ್ಟು ಹಿಡಿದು ಗೇಟಿನ ಕಡೆ ನಡೆದಳು. ಓಡಲಿಲ್ಲ. ಯೋಗಮಲರ್ ಹಿಂದೆ ಬಂದಳು, ಕೊಡ ಹಿಡಿದು. ಒಂದೊಂದೇ ಹಿತ್ತಲಿನಿಂದ ಹೆಂಗಸರು ಮೇಲೆದ್ದು ಬಂದರು. ಗೇಟಿನ ಸಿಪಾಯಿ ಕ್ಯಾಪ್ಟನ್ನನ ಮುಖ ನೋಡಿದ. ಕ್ಯಾಪ್ಟನ್ ಮೇಡಂ ಮುಖ ನೋಡಿದ. ಮೂಲೆಯಲ್ಲಿ ಸಿಕ್ಕಿಕೊಂಡೇ ಮೇಡಂ ಫೋನು ಎತ್ತಿ ಚಿತ್ರ ತೆಗೆಯುತ್ತಿದ್ದರು. ತೆರೆ ಎಂದು ಯಾರೂ ಹೇಳಲಿಲ್ಲ. ತಡೆ ಎಂದೂ ಯಾರೂ ಹೇಳಲಿಲ್ಲ. ತವಮಣಿ ಬಕೆಟ್ಟಿನಿಂದ ಗೇಟು ತಳ್ಳಿ ಒಳಗೆ ಹೋದಳು. ಹಗ್ಗ ಕೈಗೆ ತೆಗೆದುಕೊಂಡಳು. ಕಟ್ಟೆಗೆ ಇಷ್ಟು ಹತ್ತಿರ ಬದನೆ ನೆಟ್ಟವರು ಯಾರು, ಬೇರು ಒಳಗಿಳಿದು ಕಲ್ಲು ಸಡಿಲವಾಗಲ್ವಾ ಎಂದು ಸಿಪಾಯಿಗಳನ್ನು ಬೈದಳು. ಒಬ್ಬ ಹುಡುಗ ಕ್ಷಮಿಸಿ ಅಮ್ಮ ಎಂದ, ತನ್ನ ಭಾಷೆಯಲ್ಲಿ.

ಮರುದಿನ ಬೆಳಿಗ್ಗೆ ಗೇಟಿಗೆ ಸರಪಳಿ ಬಿದ್ದಿತ್ತು. ಮೇಲಿನ ಆದೇಶ ಬಂದಿತ್ತು.

ತವಮಣಿ ಸರಪಳಿ ನೋಡಿದಳು. ಬೈಯಲಿಲ್ಲ. ವಾಪಸು ಬಂದು ಚಾಪೆ, ಪಿಟ್ಟಿನ ಪಾತ್ರೆ, ತೆಂಗಿನ ತುರಿಮಣೆ ಎಲ್ಲವನ್ನೂ ಬಂಕರಿಗೆ ಇಳಿಸಿದಳು. ಊರೆಲ್ಲ ಇಳಿಯಿತು. ಬಂಕರುಗಳ ಬಾಯಿಂದ ಒಲೆಯ ಹೊಗೆ ಎದ್ದಿತು. ಹೆಲ್ಗಾ ಮೇಡಂ ಹೋಗಿರಲಿಲ್ಲ; ಹಿಂದಿನ ದಿನ ಮೂಲೆಯಿಂದ ಬಿಡಿಸುವಾಗ ಸೊಂಟ ಉಳುಕಿ ಯೋಗಮಲರಳ ಮನೆಯಲ್ಲಿ ಮಲಗಿದ್ದರು. ಈಗ ಎದ್ದು ಕುಂಟುತ್ತ ಹೊಗೆಯ ಚಿತ್ರ ತೆಗೆದು ತೆಗೆದು ಎಲ್ಲೆಲ್ಲಿಗೋ ಕಳಿಸಿದರು. ಯುದ್ಧ ಮುಗಿದು ಇಷ್ಟು ವರ್ಷಕ್ಕೆ ಒಂದು ಊರಿಗೆ ಊರೇ ಮತ್ತೆ ಬಂಕರಿನಲ್ಲಿ ಅಡುಗೆ ಮಾಡುತ್ತಿದೆ ಎಂಬ ಚಿತ್ರ ಯಾವ ಸರ್ಕಾರಕ್ಕೆ ಬೇಕು? ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಆದೇಶ ಬಂತು. ಬೆಳಿಗ್ಗೆ, ಸಂಜೆ ಬಾವಿಗೆ ದಾರಿ. ಹೊಲ ಇಲ್ಲ. ಹೊಲದ ವಿಷಯ ಪರಿಶೀಲನೆಯಲ್ಲಿದೆ.

ಹೆಂಗಸರು ನೀರು ತಂದರು. ಯೋಗಮಲರ್ ಮೊದಲ ಕೊಡದಲ್ಲಿ ಟೀ ಮಾಡಿ ಊರಿಗೆಲ್ಲ ಕೊಟ್ಟಳು. ಸಂಸ್ಥೆಯ ಕಚೇರಿಯಿಂದ ಗಜನ್‌ಗೆ ಫೋನು ಬಂತು: ಯೋಜನೆ ಮುಗಿಯಿತು, ಗುಂಡಿಗಳನ್ನು ಮುಚ್ಚಿಸಿ ಬಾ.

ಅವನು ಬರುವಾಗ ತವಮಣಿ ಹಿತ್ತಲಿನಲ್ಲಿ ಇರಲಿಲ್ಲ. ಬೇಲಿಯ ಬುಡದಲ್ಲಿದ್ದಳು, ಬದನೆ ಪಾತಿಗೆ ಎದುರಾಗಿ. ಸೀರೆ ಎತ್ತಿ ಕಟ್ಟಿ ಗುದ್ದ‌ಲಿ ಬೀಸುತ್ತಿದ್ದಳು. ಆಗಲೇ ಮೊಣಕಾಲು ಮಟ್ಟ ಇಳಿದಿತ್ತು. ಗೋಪುರದ ಮೇಲಿನ ಸಿಪಾಯಿ ದುರ್ಬೀನು ತೆಗೆದು ಬರಿಗಣ್ಣಿನಲ್ಲೇ ನೋಡುತ್ತಿದ್ದ.

“ಇದೇನಕ್ಕಾ?” ಎಂದ ಗಜನ್.

“ಹಿತ್ತಲ ಬಂಕರಿಗೆ ಬಾವಿ ದಾರಿ ಬಂತು,” ಎಂದಳು ತವಮಣಿ, ಕೈ ನಿಲ್ಲಿಸದೆ. “ಹೊಲಕ್ಕೆ ಸ್ವಲ್ಪ ದೊಡ್ಡದೇ ಬೇಕಾಗುತ್ತೆ.”

ಗಜನ್ ಗುಂಡಿಯನ್ನೂ ಬೇಲಿಯನ್ನೂ ನೋಡುತ್ತ ನಿಂತ. ಆಮೇಲೆ ಕೂತು ಬೂಟಿನ ದಾರ ಬಿಚ್ಚಿದ. ಬೂಟು, ಕಾಲುಚೀಲ ಪಕ್ಕಕ್ಕಿಟ್ಟು ಮಣ್ಣಿಗೆ ಇಳಿದ.

“ಮೂಲೆ ಎಲ್ಲಿ ತಿರುಗಿಸ್ಬೇಕಕ್ಕಾ?” ಎಂದ.

“ಮೊದಲು ತೋಡು,” ಎಂದಳು ತವಮಣಿ. “ಅದು ಕೈಗೆ ತಾನಾಗಿ ಗೊತ್ತಾಗುತ್ತೆ.”